ವಾಹನ ಪ್ರಶ್ನೋತ್ತರ: ಶೆಡ್ಡಿನಲ್ಲಿ ನಿಂತ ಅಮೆರಿಕನ್ ವಿ8

ಹಳೆಯ ಅಮೆರಿಕನ್ ಕಾರುಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಬಾರಿ ಉತ್ತರ. ಈ ಕಾರುಗಳ ಮ್ಯಾನ್ಯುಯಲ್, ಬೋಲ್ಟು, ಸಂದು ಅಳೆಯುವ ಫೀಲರ್ ಗೇಜ್ ಎಲ್ಲವೂ ಇಂಚಿನ ಲೆಕ್ಕದವು. ಹಾಗಾಗಿ ಅಳತೆಗಳನ್ನು ಇಂಚಿನಲ್ಲೇ ಕೊಟ್ಟು, ಬೇಕಾದ ಕಡೆ ಮಾತ್ರ ಮಿಲಿಮೀಟರ್ ಸೇರಿಸಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ 1966ರ ಫೋರ್ಡ್ ಮಸ್ಟಾಂಗ್ ಇದೆ. 289 ಘನ ಇಂಚಿನ ವಿ8 (ಎರಡು ಸಾಲಿನಲ್ಲಿ ಎಂಟು ಸಿಲಿಂಡರ್) ಎಂಜಿನ್, ಎರಡು ಬ್ಯಾರಲ್ ಕಾರ್ಬೊರೇಟರ್. ಅಪ್ಪಾಜಿ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಹೊಸ ಬ್ಯಾಟರಿ ತಂದಿದ್ದೇನೆ. ಹಾಕಿ ಸೆಲ್ಫ್ ಹೊಡೆಯಬಹುದೇ ಸರ್?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ದಯವಿಟ್ಟು ಹೊಡೆಯಬೇಡಿ. ಹತ್ತು ವರ್ಷ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ, ಒಂದೆರಡು ವಾಲ್ವ್ ಗೈಡ್‌ನಲ್ಲಿ ಸಿಕ್ಕಿಕೊಂಡಿರುತ್ತವೆ. ಸೆಲ್ಫ್ ಮೋಟರ್‌ಗೆ ಬಲವಿದೆ, ಅದು ತಿರುಗಿಸಿಯೇ ತಿರುಗಿಸುತ್ತದೆ. ರಿಂಗ್ ಮುರಿಯುವುದು, ವಾಲ್ವ್ ಎತ್ತುವ ಕಡ್ಡಿಯಾದ ಪುಶ್‌ರಾಡ್ ಬಾಗುವುದು ಆ ಮೊದಲ ಸುತ್ತಿನಲ್ಲೇ.

ಎಂಟೂ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಮಾಡಿ ಸಾಲಾಗಿ ಇಡಿ. ಪ್ರತಿ ಸಿಲಿಂಡರಿಗೂ ಸಿರಿಂಜಿನಿಂದ 15-20 ಮಿ.ಲೀ. ಆಟೋಮ್ಯಾಟಿಕ್ ಗೇರ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ 15/16 ಇಂಚಿನ ಸಾಕೆಟ್ ಹಾಕಿ, ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ, ಕೈಯಿಂದಲೇ ತಿರುಗಿಸಿ. ತಡೆದರೆ ಉದ್ದದ ಪೈಪ್ ಸಿಕ್ಕಿಸಿ ಜಗ್ಗಬೇಡಿ. ಇನ್ನಷ್ಟು ಆಯಿಲ್ ಬಿಟ್ಟು ಕಾಯಿರಿ. ಎರಡು ಪೂರ್ತಿ ಸುತ್ತು ಸಲೀಸಾಗಿ ಬಂದರೆ ಅರ್ಧ ಗೆದ್ದಂತೆ. ವಾಲ್ವ್ ಕವರ್ ತೆಗೆದುಕೊಂಡು ತಿರುಗಿಸಿದರೆ ವಾಲ್ವ್ ಒತ್ತುವ ಹದಿನಾರೂ ರಾಕರ್ ಮೇಲೆ ಕೆಳಗೆ ಆಡುತ್ತಿವೆಯೇ ಎಂಬುದೂ ಕಣ್ಣಿಗೆ ಕಾಣುತ್ತದೆ.

ಇನ್ನು ಆಯಿಲ್. ಫಿಲ್ಟರ್ ಸೇರಿ 5 ಅಮೆರಿಕನ್ ಕ್ವಾರ್ಟ್, ಅಂದರೆ 4.7 ಲೀಟರ್ ಹಿಡಿಯುತ್ತದೆ. ಇದರ ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳ ಶಾಫ್ಟ್) ಮೇಲೆ ಪುಶ್‌ರಾಡ್ ಎತ್ತುವ ಚಪ್ಪಟೆ ಟ್ಯಾಪೆಟ್‌ಗಳು ಉಜ್ಜಿಕೊಂಡು ಓಡುತ್ತವೆ. ಆ ಉಜ್ಜಾಟ ತಡೆಯಲು ಆಯಿಲ್‌ನಲ್ಲಿ ಸತು ಮತ್ತು ರಂಜಕದ ಸಂಯುಕ್ತ ಸಾಕಷ್ಟು ಇರಬೇಕು. ಈಗಿನ ಪೆಟ್ರೋಲ್ ಕಾರುಗಳ 5ಡಬ್ಲ್ಯೂ-30 ಆಯಿಲ್‌ಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲಿಕ್ಕಾಗಿ ರಂಜಕವನ್ನು 800 ಪಿಪಿಎಂ (ಹತ್ತು ಲಕ್ಷದಲ್ಲಿ 800 ಭಾಗ) ಒಳಗೆ ಇಟ್ಟಿರುತ್ತಾರೆ, ನಿಮ್ಮ ಕ್ಯಾಮ್‌ಗೆ ಅದು ಸಾಲದು. ಹೈವೇ ಪಕ್ಕದ ಲಾರಿ ಆಯಿಲ್ ಅಂಗಡಿಯಲ್ಲಿ ಸಿಗುವ ಸಿಐ-4 ದರ್ಜೆಯ 15ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್ ತನ್ನಿ. ಬೆಲೆಯೂ ಕಡಿಮೆ, ಸತುವೂ ಹೆಚ್ಚು, ನಮ್ಮ ಬಿಸಿಲಿಗೂ ಸರಿ.

ಆಯಿಲ್ ಹಾಕಿದ ಕೂಡಲೇ ಅದು ಬೇರಿಂಗ್ ತಲುಪಿರುವುದಿಲ್ಲ. ಹತ್ತು ವರ್ಷದಲ್ಲಿ ಆಯಿಲ್ ಹಾಯುವ ಗ್ಯಾಲರಿ ಒಣಗಿದೆ. ಒಂದನೇ ಸಿಲಿಂಡರನ್ನು ಕಂಪ್ರೆಶನ್‌ನ ತುದಿಗೆ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಪೂರ್ತಿ ಮೇಲೆ ಬಂದ ಸ್ಥಿತಿಗೆ) ತಂದು, ಪ್ಲಗ್‌ಗಳಿಗೆ ಸರದಿಯಲ್ಲಿ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್ ಎತ್ತ ಮುಖ ಮಾಡಿದೆ ಎಂದು ಅದರ ಬಾಡಿಯ ಮೇಲೆ ಗೆರೆ ಹಾಕಿ, ಡಿಸ್ಟ್ರಿಬ್ಯೂಟರ್ ಹೊರಗೆಳೆಯಿರಿ. ಆ ತೂತಿನೊಳಗೆ 1/4 ಇಂಚಿನ ಆರು ಮೂಲೆಯ ಆಯಿಲ್ ಪಂಪ್ ಶಾಫ್ಟ್ ಕಾಣುತ್ತದೆ. ಉದ್ದದ 1/4 ಇಂಚು ಸಾಕೆಟನ್ನು ಡ್ರಿಲ್ ಮೆಷಿನ್‌ಗೆ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಸಾಕೆಟ್ ಒಳಗೆ ಬೀಳದಂತೆ ಎಕ್ಸ್‌ಟೆನ್ಶನ್‌ಗೆ ಟೇಪ್ ಸುತ್ತಿರಬೇಕು. ಬಿದ್ದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್ ಇಳಿಸುವುದೇ ಗತಿ. ಮೊದಮೊದಲು ಡ್ರಿಲ್ ಹಗುರವಾಗಿ ಓಡುತ್ತದೆ. ಪಂಪ್ ಆಯಿಲ್ ಹಿಡಿದ ಕ್ಷಣ ಕೈಗೆ ಭಾರ ಗೊತ್ತಾಗುತ್ತದೆ, ಡ್ರಿಲ್‌ನ ಸದ್ದೂ ತಗ್ಗುತ್ತದೆ. ಯಾರನ್ನಾದರೂ ಕರೆದು ಕ್ರ್ಯಾಂಕನ್ನು ಕಾಲು ಕಾಲು ಸುತ್ತು ತಿರುಗಿಸಲು ಹೇಳುತ್ತಾ ಇದನ್ನು ಮುಂದುವರಿಸಿ. ಎಲ್ಲ ರಾಕರ್‌ಗಳಲ್ಲೂ ಆಯಿಲ್ ಜಿನುಗಿದ ಮೇಲೆ ನಿಲ್ಲಿಸಿ. ಕೊನೆಗೆ ಒಂದನೇ ಸಿಲಿಂಡರನ್ನು ಮತ್ತೆ ಕಂಪ್ರೆಶನ್ ತುದಿಗೆ ತಂದು, ಗೆರೆ ನೋಡಿಕೊಂಡು ಡಿಸ್ಟ್ರಿಬ್ಯೂಟರ್ ಕೂರಿಸಿ.

ಇಗ್ನಿಶನ್‌ಗೆ ಹೊಸ ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್), ಕಂಡೆನ್ಸರ್ ಹಾಕಿ. ಪಾಯಿಂಟ್ ಗ್ಯಾಪ್ 0.017 ಇಂಚು (0.43 ಮಿ.ಮೀ.), ಪ್ಲಗ್ ಗ್ಯಾಪ್ 0.034 ಇಂಚು (0.86 ಮಿ.ಮೀ.). ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-5-4-2-6-3-7-8, ರೋಟರ್ ಗಡಿಯಾರದ ವಿರುದ್ಧ ತಿರುಗುತ್ತದೆ. ಸೀಟಿನಲ್ಲಿ ಕೂತಾಗ ಬಲಗಡೆಯ ಸಾಲು ಮುಂದಿನಿಂದ 1, 2, 3, 4. ಎಡಸಾಲು 5, 6, 7, 8. ಇಲ್ಲಿ ಒಂದು ವಿಷಯ ನೆನಪಿಡಿ: 7 ಮತ್ತು 8 ಅಕ್ಕಪಕ್ಕದ ಸಿಲಿಂಡರ್‌ಗಳು, ಫೈರಿಂಗೂ ಒಂದರ ಹಿಂದೆ ಒಂದು. ಅವುಗಳ ವೈರ್‌ಗಳು ಒತ್ತಾಗಿ ಜೊತೆಯಲ್ಲಿ ಓಡಿದರೆ 7ರ ಕರೆಂಟ್ 8ರ ವೈರ್‌ಗೂ ಹಾಯುತ್ತದೆ, 8 ಹೊತ್ತಿಗೆ ಮುಂಚೆ ಹೊತ್ತಿಕೊಂಡು ಬಡಿಯುತ್ತದೆ. ಎರಡನ್ನೂ ದೂರ ಮಾಡಿ, ಇಲ್ಲವೇ ಒಂದನ್ನೊಂದು ಅಡ್ಡ ದಾಟುವಂತೆ ಹಾಯಿಸಿ.

ಟ್ಯಾಂಕಿನ ಹಳೆ ಪೆಟ್ರೋಲ್ ಒಂದು ಹನಿಯೂ ಎಂಜಿನ್‌ಗೆ ಹೋಗಬಾರದು. ಅದು ಅಂಟಾಗಿ ವಾರ್ನಿಶ್ ಆಗಿರುತ್ತದೆ, ಇನ್‌ಲೆಟ್ ವಾಲ್ವ್‌ಗಳನ್ನು ಹಿಡಿದು ನಿಲ್ಲಿಸುತ್ತದೆ. ಟ್ಯಾಂಕ್ ಇಳಿಸಿ ತೊಳೆಸಿ, ರಬ್ಬರ್ ಹೋಸ್‌ಗಳನ್ನೆಲ್ಲ ಬದಲಿಸಿ, ಕಾರ್ಬೊರೇಟರ್‌ಗೆ ಕಿಟ್ ಹಾಕಿ. ಡಿಪ್‌ಸ್ಟಿಕ್ ಮೂಸಿ ನೋಡುವ ಅಭ್ಯಾಸವೂ ಇರಲಿ: ಪೆಟ್ರೋಲ್ ವಾಸನೆ ಬಂದರೆ ಫ್ಯೂಯಲ್ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಸಂಪ್‌ಗೆ ಇಳಿಯುತ್ತಿದೆ ಎಂದರ್ಥ. ಮೊದಲ ಸ್ಟಾರ್ಟ್‌ಗೆ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಬೌಲ್‌ನ ಗಾಳಿ ಕೊಳವೆಯಿಂದ ಪೆಟ್ರೋಲ್ ತುಂಬಿಸಿ. ಕಾರ್ಬೊರೇಟರ್ ಬಾಯಿಗೆ ಸುರಿಯುವುದು ಗ್ಯಾರೇಜುಗಳಲ್ಲಿ ರೂಢಿ, ಬ್ಯಾಕ್‌ಫೈರ್ ಆಗಿ ಬೆಂಕಿ ಹತ್ತುವುದೂ ಅದರಿಂದಲೇ. ಸ್ಟಾರ್ಟ್ ಆದ ಹತ್ತು ಸೆಕೆಂಡಿನೊಳಗೆ ಆಯಿಲ್ ಪ್ರೆಶರ್ ತೋರಿಸದಿದ್ದರೆ ಕೂಡಲೇ ಆಫ್ ಮಾಡಿ. ಕಿಡಿಯ ಟೈಮಿಂಗ್ ಪಿಸ್ಟನ್ ತುದಿ ಮುಟ್ಟುವುದಕ್ಕೆ 6 ಡಿಗ್ರಿ ಮುಂಚೆ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಹೋಸ್ ಬಿಚ್ಚಿ ಮುಚ್ಚಿಟ್ಟು ನೋಡಬೇಕು.

ಪ್ರಶ್ನೆ: 1964ರ ಶೆವ್ರೊಲೆ ಇಂಪಾಲಾ, 283 ವಿ8. ಹೈವೇಯಲ್ಲಿ ಏನೂ ತೊಂದರೆಯಿಲ್ಲ. ಊರೊಳಗೆ ಬಂದು ಎರಡು ಸಿಗ್ನಲ್ ದಾಟುವಷ್ಟರಲ್ಲಿ ಬಿಸಿ ಏರುತ್ತದೆ. ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ವಾಲ್ವ್) ತೆಗೆದುಬಿಡಿ ಎಂದು ಮೆಕ್ಯಾನಿಕ್ ಹೇಳುತ್ತಾರೆ. ತೆಗೆಸಲೇ?
— ಓದುಗರು, ಚಿತ್ರದುರ್ಗ

ಉತ್ತರ: ತೆಗೆಸಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ವೇಗದಲ್ಲಿ ಸರಿಯಿದ್ದು ನಿಧಾನದಲ್ಲಿ ಬಿಸಿಯಾದರೆ ಗಾಳಿಯ ಕೊರತೆ, ಇಲ್ಲವೇ ಟೈಮಿಂಗ್ ತಪ್ಪು. ವೇಗದಲ್ಲಿ ಬಿಸಿಯಾಗಿ ನಿಧಾನದಲ್ಲಿ ಸರಿಯಿದ್ದರೆ ನೀರಿನ ಓಟದ ಕೊರತೆ: ರೇಡಿಯೇಟರ್ ಕಟ್ಟಿದೆ, ಅಥವಾ ಕೆಳಗಿನ ಹೋಸ್ ಒಳಗಿನ ಸ್ಪ್ರಿಂಗ್ ತುಕ್ಕು ತಿಂದು ಹೋಗಿ ಪಂಪ್ ಎಳೆದಾಗ ಹೋಸ್ ಚಪ್ಪಟೆಯಾಗುತ್ತಿದೆ. ಥರ್ಮೋಸ್ಟ್ಯಾಟ್ ಇದ್ದರೆ ಎಂಜಿನ್ ಎಲ್ಲ ಹವಾಮಾನದಲ್ಲೂ ಒಂದೇ ಬಿಸಿಯಲ್ಲಿ ಓಡುತ್ತದೆ. ಅದಿಲ್ಲದಿದ್ದರೆ ಬೆಳಗ್ಗೆ ಎಂಜಿನ್ ತಣ್ಣಗೇ ಓಡಿ, ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು, ಗೋಡೆ ಸವೆದು ಸಿಲಿಂಡರ್ ಕೊರೆಸುವ ಕೆಲಸ ಬೇಗ ಬರುತ್ತದೆ. 82 ಡಿಗ್ರಿ ಸೆಲ್ಸಿಯಸ್‌ನ ಥರ್ಮೋಸ್ಟ್ಯಾಟ್ ಹಾಕಿ. ಹಾಕುವ ಮುಂಚೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ, ಎಷ್ಟು ಡಿಗ್ರಿಗೆ ಬಾಯಿ ಬಿಡುತ್ತದೆ ಎಂದು ಥರ್ಮಾಮೀಟರ್‌ನಲ್ಲಿ ನೋಡಿ. ಹೊಸದರಲ್ಲೂ ಕೆಟ್ಟದ್ದು ಬರುತ್ತದೆ.

ಗಾಳಿಯ ವಿಷಯ: ಫ್ಯಾನಿನ ಸುತ್ತಲಿನ ಶ್ರೌಡ್ ಇದೆಯೇ? ಹಳೆಯ ರಿಪೇರಿಗಳಲ್ಲಿ ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ಶ್ರೌಡ್ ಇಲ್ಲದ ಫ್ಯಾನ್ ರೇಡಿಯೇಟರಿನಿಂದ ಎಳೆಯುವ ಬದಲು ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಬ್ಲೇಡ್‌ನ ಅಗಲ ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಬೇಕು.

ಈಗ ಟೈಮಿಂಗ್. ಪಾಯಿಂಟಿನ ಫೈಬರ್ ಗುಪ್ಪೆ ಕ್ಯಾಮ್ ಮೇಲೆ ಸವೆದಂತೆ ಗ್ಯಾಪ್ ಕಡಿಮೆಯಾಗುತ್ತದೆ, ಕಿಡಿ ತಡವಾಗುತ್ತದೆ. ತಡವಾದ ಬೆಂಕಿ ಪಿಸ್ಟನ್ ಇಳಿಯುವಾಗಲೂ ಉರಿಯುತ್ತಿದ್ದು, ಆ ಬಿಸಿ ಎಕ್ಸಾಸ್ಟ್ ದಾರಿಯಿಂದ ನೀರಿಗೆ ಹೋಗುತ್ತದೆ. ಪಿಕಪ್ ಕೂಡ ಕಡಿಮೆ. ನಿಮ್ಮ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಬದಿಯಲ್ಲಿ ಒಂದು ಸಣ್ಣ ಲೋಹದ ಬಾಗಿಲಿದೆ. ಎಂಜಿನ್ ಓಡುತ್ತಿರುವಾಗಲೇ ಅದನ್ನು ಎತ್ತಿ 1/8 ಇಂಚಿನ ಅಲೆನ್ ಕೀ ಹಾಕಿ. ಗಡಿಯಾರದ ದಿಕ್ಕಿಗೆ ನಿಧಾನ ತಿರುಗಿಸುತ್ತಾ ಹೋದರೆ ಎಂಜಿನ್ ಮಿಸ್ಸಿಂಗ್ ಶುರು ಮಾಡುತ್ತದೆ. ಅಲ್ಲಿಂದ ಅರ್ಧ ಸುತ್ತು ಹಿಂದಕ್ಕೆ ಬನ್ನಿ. ಡ್ವೆಲ್ (ಪಾಯಿಂಟ್ ಮುಚ್ಚಿಕೊಂಡಿರುವ ಡಿಗ್ರಿ) ಅಳೆಯುವ ಮೀಟರ್ ಇದ್ದರೆ 30 ಡಿಗ್ರಿಗೆ ಇಡಿ. ಡ್ವೆಲ್ ಒಂದು ಡಿಗ್ರಿ ಬದಲಾದರೆ ಟೈಮಿಂಗೂ ಒಂದು ಡಿಗ್ರಿ ಬದಲಾಗುತ್ತದೆ. ಆದ್ದರಿಂದ ಮೊದಲು ಡ್ವೆಲ್, ಆಮೇಲೆ ಟೈಮಿಂಗ್ ಲೈಟ್. ಇದನ್ನು ತಿರುಗುಮುರುಗು ಮಾಡಿದರೆ ಎರಡೂ ತಪ್ಪುತ್ತವೆ. ಶೆವ್ರೊಲೆಯ ಫೈರಿಂಗ್ ಆರ್ಡರ್ 1-8-4-3-6-5-7-2, ರೋಟರ್ ಗಡಿಯಾರದ ದಿಕ್ಕಿಗೆ. ಫೋರ್ಡ್ ನೋಡಿ ರೂಢಿಯಾದವರು ಇಲ್ಲಿ ವೈರ್ ತಪ್ಪು ಹಾಕುತ್ತಾರೆ. ಎಂಜಿನ್ನಿನ ಎಳೆತದಿಂದ ಕಿಡಿಯನ್ನು ಮುಂಚೆ ತರುವ ವ್ಯಾಕ್ಯೂಮ್ ಅಡ್ವಾನ್ಸ್ ಡಬ್ಬಿಯ ಡಯಾಫ್ರಾಮ್ ಹರಿದಿದೆಯೇ ಎಂದು ಹೋಸ್ ಹಾಕಿ ಬಾಯಿಂದ ಎಳೆದು ನೋಡಿ: ಪ್ಲೇಟ್ ಸರಿಯಬೇಕು, ನಾಲಿಗೆ ಮುಚ್ಚಿ ಹಿಡಿದರೆ ಅಲ್ಲೇ ನಿಲ್ಲಬೇಕು.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದನ್ನು ರೇಡಿಯೇಟರಿಗೆ ಹಾಕಿದರೆ ಕುದಿಸುವ ಪಾತ್ರೆಯಲ್ಲಿ ಕಟ್ಟುವ ಬಿಳಿ ಪದರವೇ ಬ್ಲಾಕಿನೊಳಗೂ ಕಟ್ಟುತ್ತದೆ. ಬ್ಲಾಕಿನ ಎರಡೂ ಬದಿಯಲ್ಲಿ ಒಂದೊಂದು ಡ್ರೇನ್ ಪ್ಲಗ್ ಇದೆ. ಬಿಚ್ಚಿದಾಗ ನೀರು ಬರದಿದ್ದರೆ ಕೆಸರು ತುಂಬಿದೆ. ತಂತಿ ಹಾಕಿ ಕೆದಕಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಅರ್ಧರ್ಧ. ರೇಡಿಯೇಟರ್ ಕ್ಯಾಪಿನ ರಬ್ಬರ್ ನೋಡುವುದನ್ನು ಮರೆಯಬೇಡಿ: 13 ಪಿಎಸ್‌ಐ ಒತ್ತಡ ನಿಂತರೆ ಕುದಿಯುವ ಬಿಂದು 20 ಡಿಗ್ರಿಯಷ್ಟು ಮೇಲೇರುತ್ತದೆ. ಸಡಿಲ ಕ್ಯಾಪ್ ಆ ಲಾಭವನ್ನೆಲ್ಲ ಕಳೆಯುತ್ತದೆ.

ಪ್ರಶ್ನೆ: ಈಗ ಬಂಕ್‌ನಲ್ಲಿ ಸಿಗುವುದು ಇ20 (ನೂರಕ್ಕೆ 20 ಪಾಲು ಎಥನಾಲ್ ಬೆರೆತ) ಪೆಟ್ರೋಲ್. 60ರ ದಶಕದ ಎಂಜಿನ್‌ಗೆ ಇದು ನಡೆಯುತ್ತದೆಯೇ? ಸೀಸ ಇಲ್ಲದ ಪೆಟ್ರೋಲ್‌ನಿಂದ ವಾಲ್ವ್ ಹಾಳಾಗುತ್ತದೆ ಎಂದೂ ಕೇಳಿದ್ದೇನೆ.
— ಓದುಗರು, ಹರಿಹರ

ಉತ್ತರ: ರಬ್ಬರ್ ಮತ್ತು ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಎರಡನ್ನೂ ನೋಡಿಕೊಂಡರೆ ನಡೆಯುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಕಾರ್ಕ್ ಗ್ಯಾಸ್ಕೆಟ್‌ಗಳ ಅಂಟು ಬಿಡಿಸುತ್ತದೆ. ಹೋಸ್ ಕೊಳ್ಳುವಾಗ ಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾಗಿರುವುದನ್ನೇ ಕೇಳಿ. ಫ್ಯೂಯಲ್ ಪಂಪಿನ ಡಯಾಫ್ರಾಮ್, ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್, ಫ್ಲೋಟ್ ಬೌಲ್‌ಗೆ ಪೆಟ್ರೋಲ್ ತಡೆಯುವ ನೀಡಲ್‌ನ ತುದಿ ಈ ಮೂರೂ ಎಥನಾಲ್ ತಡೆಯುವ ಕಿಟ್‌ನವಾಗಿರಲಿ. ಟ್ಯಾಂಕಿನ ಗೋಡೆಗೆ ಅಂಟಿದ ಹಳೆ ಕೊಳೆಯನ್ನೂ ಎಥನಾಲ್ ಕರಗಿಸಿ ತರುತ್ತದೆ. ಹಾಗಾಗಿ ಬದಲಾಯಿಸಿದ ಮೊದಲ ತಿಂಗಳಲ್ಲಿ ಫಿಲ್ಟರ್ ಎರಡು ಬಾರಿ ಹೊಸದು ಹಾಕಿ.

ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಉರಿಯಲು 14.7 ಪಾಲು ಗಾಳಿ ಬೇಕು. ಇ20ಕ್ಕೆ ಸುಮಾರು 13.5 ಪಾಲು ಸಾಕು. ಹಳೆ ಜೆಟ್‌ನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ: ಆಕ್ಸಿಲರೇಟರ್ ಒತ್ತಿದಾಗ ತಡವರಿಸುವುದು, ಕಾರ್ಬೊರೇಟರಿನಲ್ಲಿ ಪಟ್ ಎನ್ನುವುದು, ಪ್ಲಗ್ ಬಿಳಿಚಿಕೊಳ್ಳುವುದು ಇದರ ಗುರುತು. ಆದರೆ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಇನ್ನೂ ಎತ್ತರ. ಗಾಳಿ ತೆಳುವಾದ್ದರಿಂದ ಮಿಶ್ರಣ ಇಲ್ಲಿ ತಾನಾಗಿಯೇ ಕೊಂಚ ದಪ್ಪವಾಗುತ್ತದೆ, ಕೊರತೆ ಸ್ವಲ್ಪ ತುಂಬಿಕೊಳ್ಳುತ್ತದೆ. ಆದ್ದರಿಂದ ಮೊದಲು ಒಂದೇ ಅಳತೆ ದೊಡ್ಡ ಜೆಟ್ ಹಾಕಿ ಪ್ಲಗ್ ಬಣ್ಣ ನೋಡಿ, ತಿಳಿ ಕಂದು ಬರದಿದ್ದರೆ ಮಾತ್ರ ಇನ್ನೊಂದು. ವ್ಯಾಕ್ಯೂಮ್ ಗೇಜ್ ಹಿಡಿದು ಐಡಲ್ ಸೆಟ್ ಮಾಡುವವರು ಇದನ್ನೂ ಗಮನಿಸಿ: ಅಮೆರಿಕನ್ ಮ್ಯಾನ್ಯುಯಲ್ ಹೇಳುವುದಕ್ಕಿಂತ ನಮ್ಮಲ್ಲಿ ಪಾದರಸದ ಲೆಕ್ಕದಲ್ಲಿ ಎರಡು ಇಂಚು ಕಡಿಮೆಯೇ ತೋರಿಸುತ್ತದೆ, ಅದು ದೋಷವಲ್ಲ.

ಕಾರನ್ನು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕ್ ಪೂರ್ತಿ ತುಂಬಿಸಿಡಿ. ಖಾಲಿ ಜಾಗದ ತೇವವನ್ನು ಎಥನಾಲ್ ಹೀರಿ ತಳದಲ್ಲಿ ನೀರು ಕಟ್ಟಿಸುತ್ತದೆ, ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಸೀಸದ ಪೆಟ್ರೋಲ್ ಭಾರತದಲ್ಲಿ 2000ದ ಫೆಬ್ರವರಿಗೆ ನಿಂತಿತು. ಸೀಸ ಇಲ್ಲದಿದ್ದರೆ ಎಕ್ಸಾಸ್ಟ್ ವಾಲ್ವ್ ತನ್ನ ಸೀಟನ್ನು ನಿಧಾನವಾಗಿ ತಿನ್ನುತ್ತದೆ ಎಂಬುದು ನಿಜ, ಆದರೆ ಅದು ಹೆಚ್ಚು ಆಗುವುದು ಹೊತ್ತುಗಟ್ಟಲೆ ವೇಗದಲ್ಲಿ ಭಾರ ಎಳೆದಾಗ. ಭಾನುವಾರಕ್ಕೊಮ್ಮೆ ಓಡುವ ಕಾರಿಗೆ ಅದಕ್ಕೆಂದೇ ಹೆಡ್ ಇಳಿಸುವುದು ದುಂದು. ಬೇರೆ ಕಾರಣಕ್ಕೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಕೂರಿಸಿ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು ನಿಮ್ಮದು, ಸೀಟಿನ ಗುಂಡಿಯನ್ನು ಸಾವಿರದೊಂದಂಶ ಇಂಚಿನ ಲೆಕ್ಕದಲ್ಲಿ ಕೊರೆಯಬಲ್ಲ ಹಳೆಯ ಕೈಗಳನ್ನು ಅಲ್ಲೇ ವಿಚಾರಿಸಿ.

ಪ್ರಶ್ನೆ: 1966ರ ಡಾಡ್ಜ್ ಡಾರ್ಟ್. ನಾಲ್ಕೂ ಡ್ರಮ್ ಬ್ರೇಕ್. ಪೆಡಲ್ ಒಮ್ಮೊಮ್ಮೆ ನೆಲಕ್ಕೇ ಹೋಗುತ್ತದೆ, ಪಂಪ್ ಮಾಡಿದರೆ ಹಿಡಿಯುತ್ತದೆ. ಎಡಗಡೆಯ ಚಕ್ರದ ನಟ್ ಬಿಚ್ಚಲು ಹೋಗಿ ಒಂದು ಸ್ಟಡ್ ಮುರಿಯಿತು.
— ಓದುಗರು, ಚಳ್ಳಕೆರೆ

ಉತ್ತರ: ಮೊದಲು ನಟ್. ಆ ಕಾಲದ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಎಡಬದಿಯ ಚಕ್ರಗಳಿಗೆ ಉಲ್ಟಾ ಥ್ರೆಡ್. ಸ್ಟಡ್‌ನ ತುದಿ ಒರೆಸಿ ನೋಡಿದರೆ ಎಲ್ ಅಕ್ಷರ ಕಾಣುತ್ತದೆ. ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಗನ್ ಹಿಡಿಯುವ ಹುಡುಗನಿಗೆ ಮುಂಚೆಯೇ ಹೇಳಿ.

ಬ್ರೇಕ್ ರಿಪೇರಿಯಾಗುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ. ನಿಮ್ಮದು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. 1967ರ ಮಾದರಿಗಳಿಂದ ಅಮೆರಿಕನ್ ಕಾರುಗಳಿಗೆ ಎರಡು ಕೋಣೆಯದು ಬಂದಿದ್ದು ಇದೇ ಕಾರಣಕ್ಕೆ. ಅಸಲಿ ರೂಪ ಕೆಡುತ್ತದೆ ಎಂಬ ಆಕ್ಷೇಪ ನಮಗೆ ಗೊತ್ತು, ಆದರೂ ಓಡಿಸುವ ಕಾರಿಗೆ 1967ರ ಡ್ರಮ್ ಬ್ರೇಕ್ ಮಾದರಿಯ ಎರಡು ಕೋಣೆಯದನ್ನು ಹಾಕಿ ಎಂದೇ ನಾವು ಹೇಳುತ್ತೇವೆ. ಹಳೆಯದನ್ನು ಎಣ್ಣೆ ಹಚ್ಚಿ ಎತ್ತಿಡಿ.

ಪಂಪ್ ಮಾಡಿದರೆ ಹಿಡಿಯುತ್ತದೆ ಎಂದರೆ ಗಾಳಿ ಸೇರಿದೆ, ಅಥವಾ ಶೂ ಡ್ರಮ್‌ನಿಂದ ದೂರವಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸೋಲುತ್ತಿದೆ. ಡ್ರಮ್ ಬಿಚ್ಚಿದ ಮೇಲೆ ಧೂಳನ್ನು ಗಾಳಿ ಹೊಡೆದು ಊದಬೇಡಿ, ಹಳೆ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ವೀಲ್ ಸಿಲಿಂಡರಿನ ಒಳಗೋಡೆ ಉಗುರಿಗೆ ತಾಗುವಷ್ಟು ಗುಳಿ ಬಿದ್ದಿದ್ದರೆ ಹೊಸ ವಾಷರ್ ವಾರದಲ್ಲಿ ಸೋರುತ್ತದೆ. ಬೋರ್ ಮಾಡಿಸಿ ಸ್ಟೀಲ್ ಸ್ಲೀವ್ ಹಾಕಿಸಿ.

ಶೂ ಕೂರಿಸುವಾಗ ಎರಡು ತಪ್ಪುಗಳು ಸಾಮಾನ್ಯ. ಒಂದು ಶೂನ ಲೈನರ್ ಗಿಡ್ಡ, ಇನ್ನೊಂದರದು ಉದ್ದ: ಗಿಡ್ಡದ್ದು ಕಾರಿನ ಮುಂಭಾಗಕ್ಕೆ, ಉದ್ದದ್ದು ಹಿಂಭಾಗಕ್ಕೆ. ಎರಡೂ ಗಿಡ್ಡವನ್ನು ಒಂದೇ ಚಕ್ರಕ್ಕೆ ಹಾಕಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಇನ್ನೊಂದು, ನಕ್ಷತ್ರದ ಹಲ್ಲಿನ ಅಡ್ಜಸ್ಟರ್. ಎಡ ಬಲದವುಗಳ ಥ್ರೆಡ್ ಬೇರೆ ಬೇರೆ. ಅದಲುಬದಲಾದರೆ ತಾನಾಗಿ ಬಿಗಿಯಾಗಬೇಕಾದ್ದು ತಾನಾಗಿ ಸಡಿಲವಾಗುತ್ತಾ ಹೋಗುತ್ತದೆ. ನಿಮ್ಮ ಪೆಡಲ್ ತೊಂದರೆಗೆ ಇದೇ ಕಾರಣವಿದ್ದರೂ ಆಶ್ಚರ್ಯವಿಲ್ಲ. ಒಂದು ಚಕ್ರ ಮುಗಿಸಿಯೇ ಇನ್ನೊಂದನ್ನು ಬಿಚ್ಚಿ, ಹೋಲಿಸಿ ನೋಡಲು ಒಂದು ಇದ್ದೇ ಇರುತ್ತದೆ.

ಲೈನ್ 3/16 ಇಂಚಿನ ಸ್ಟೀಲ್ ಅಥವಾ ತಾಮ್ರ-ನಿಕಲ್ ಪೈಪ್ ಆಗಿರಲಿ, ತುದಿಗೆ ಡಬಲ್ ಫ್ಲೇರ್ (ಎರಡು ಮಡಿಕೆಯಾಗಿ ಅಗಲಿಸಿದ ಅಂಚು). ಫ್ರಿಜ್ ರಿಪೇರಿಯ ಬರಿ ತಾಮ್ರದ ಪೈಪ್ ಬ್ರೇಕ್‌ಗೆ ಹಾಕಲೇಬಾರದು, ನಡುಗಿ ನಡುಗಿ ಬಿರುಕು ಬಿಡುತ್ತದೆ. ಏರ್ ತೆಗೆಯುವುದು ದೂರದ ಚಕ್ರದಿಂದ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4, ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದು.

ಪ್ರಶ್ನೆ: ಮಸ್ಟಾಂಗ್‌ನ ಕಾಲಿಡುವ ಜಾಗದ ತಗಡು ತೂತಾಗಿದೆ. ಫೈಬರ್ ಹಾಕಿ ಮುಚ್ಚಿದರೆ ಸಾಕೇ?
— ಓದುಗರು, ಹಿರಿಯೂರು

ಉತ್ತರ: ಸಾಲದು. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ನೆಲದ ತಗಡು ಭಾರ ಹೊರುತ್ತದೆ. ಅದಕ್ಕಿಂತ ಮುಂಚೆ ನೀರು ಎಲ್ಲಿಂದ ಬಂತು ನೋಡಿ. ಮುಂದಿನ ಗಾಜಿನ ಕೆಳಗಿರುವ ಗಾಳಿ ಜಾಲರಿಗೆ ಒಂದು ಬಕೆಟ್ ನೀರು ನಿಧಾನವಾಗಿ ಹೊಯ್ದು, ಒಳಗೆ ಡ್ಯಾಶ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಹನಿ ಬಿದ್ದರೆ ಜಾಲರಿಯ ಕೆಳಗಿನ ತೊಟ್ಟಿ ತುಕ್ಕು ಹಿಡಿದಿದೆ. ಅದನ್ನು ಬಿಟ್ಟು ನೆಲಕ್ಕೆ ಮಾತ್ರ ತಗಡು ಹಾಕಿದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕತೆ.

ತಗಡು ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ಬೆಸೆದು ಭದ್ರ ಮಾಡಿ, ಇಲ್ಲದಿದ್ದರೆ ಬಾಡಿ ನಡುವಿನಲ್ಲಿ ಜಗ್ಗಿ ಬಾಗಿಲು ಕೂರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಇಳಿಸಿಯೇ ವೆಲ್ಡಿಂಗ್: ಈ ಕಾರಿನಲ್ಲಿ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಬ್ಯಾಟರಿಯನ್ನೂ ಬಿಚ್ಚಿ. 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್ ಬಳಸಿ, ಸತು ಲೇಪದ ಜಿಐ ಬೇಡ, ಬೆಸೆಯುವಾಗ ಅದರ ಹೊಗೆ ವಿಷ. ಸಿಒ2 ವೆಲ್ಡಿಂಗ್‌ನಲ್ಲಿ ಇಂಚಿಗೊಂದು ಚುಕ್ಕಿ ಹಾಕಿ, ಒಂದು ಕಡೆ ಆರಲು ಬಿಟ್ಟು ಇನ್ನೊಂದು ಕಡೆಗೆ ಹೋಗಿ. ಗ್ಯಾಸ್ ವೆಲ್ಡಿಂಗ್‌ಗೆ ತಗಡು ಸೊಟ್ಟಗಾಗುತ್ತದೆ. ಬರಿ ಲೋಹದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, 3 ಮಿ.ಮೀ.ಗಿಂತ ದಪ್ಪ ಬೇಡ. ಪೇಂಟಿಗೆ ನವೆಂಬರಿನಿಂದ ಜನವರಿ ಒಳ್ಳೆಯ ಕಾಲ: ಮಳೆಯ ತೇವವೂ ಇಲ್ಲ, ಬೇಸಿಗೆಯ ದೂಳುಗಾಳಿಯೂ ಇಲ್ಲ.

ಪ್ರಶ್ನೆ: ಐವತ್ತು ವರ್ಷ ದಾಟಿದ ಕಾರಿಗೆ ನೋಂದಣಿ ಹೇಗೆ? ಎಡಗಡೆ ಸ್ಟೀರಿಂಗ್ ಇದೆ.
— ಓದುಗರು, ಜಗಳೂರು

ಉತ್ತರ: 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ ಶೆಲ್, ಎಂಜಿನ್ ಹೆಚ್ಚು ಬದಲಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆ ನಿಯಮದಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಸಿಂಧುತ್ವ, ಮರುನೋಂದಣಿಗೆ 5,000 ರೂಪಾಯಿ ಎಂದಿದೆ. ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರಗಳು ಬರುತ್ತವೆ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿಗೆ ಹೋಗಿಬರಬಹುದು. ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ಎಡ ಸ್ಟೀರಿಂಗ್ ಗಾಡಿಗೆ ನಿಗದಿತ ಸಿಗ್ನಲ್ ಸಾಧನ ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು.

ಪ್ರಶ್ನೆ: 5/16 ಇಂಚಿನ ಬೋಲ್ಟ್ ಇಲ್ಲಿ ಸಿಗಲಿಲ್ಲ, 8 ಎಂಎಂ ಹಾಕಿದರೆ ಎರಡು ಸುತ್ತು ಹೋಗುತ್ತದೆ. ಬಿಗಿ ಮಾಡಲೇ?
— ಓದುಗರು, ಹೊಳಲ್ಕೆರೆ

ಉತ್ತರ: ಎರಡು ಸುತ್ತಿನ ಮೇಲೆ ಹೋಗುತ್ತಿರುವುದು ಥ್ರೆಡ್ ಹಾಳಾಗುತ್ತಾ. ದಪ್ಪ ಹೆಚ್ಚು ಕಡಿಮೆ ಒಂದೇ, ಆದರೆ ಇಂಚಿನ ಒರಟು ಥ್ರೆಡ್‌ನ ಪಿಚ್ (ಎರಡು ಸುತ್ತಿನ ನಡುವಿನ ದೂರ) 1.41 ಮಿ.ಮೀ., ಎಂಟರದ್ದು 1.25. ಹೊರಗೆ ತೆಗೆಯಿರಿ, 5/16-18 (ಇಂಚಿಗೆ 18 ಸುತ್ತಿನ) ಟ್ಯಾಪ್ ಹಾಯಿಸಿ, ಅದೇ ಒರಟು ಥ್ರೆಡ್‌ನ ಯುಎನ್‌ಸಿ ಬೋಲ್ಟ್ ತರಿಸಿ.

ಪ್ರಶ್ನೆ: ನಮ್ಮದು ದೊಡ್ಡ ಕಾರಲ್ಲ, ಹಳೆಯ ಮಹೀಂದ್ರ ಪೆಟ್ರೋಲ್ ಜೀಪು, ಹರಿಕೇನ್ ಎಂಜಿನ್. ಟ್ಯಾಪೆಟ್ ಸದ್ದು ಜಾಸ್ತಿ. ಮೇಲಿನ ಕವರ್ ತೆಗೆದರೆ ನಾಲ್ಕೇ ವಾಲ್ವ್ ಕಾಣುತ್ತವೆ.
— ಓದುಗರು, ಮೊಳಕಾಲ್ಮುರು

ಉತ್ತರ: ಅದೂ ವಿಲ್ಲೀಸ್ ಕಂಪನಿಯ ಅಮೆರಿಕನ್ ಎಂಜಿನ್ನೇ. ನಾಲ್ಕು ಇನ್‌ಲೆಟ್ ವಾಲ್ವ್ ಹೆಡ್‌ನಲ್ಲಿವೆ, ನಾಲ್ಕು ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ, ಬದಿಯ ಕವರ್ ಒಳಗೆ. ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.018 ಇಂಚು, ಎಕ್ಸಾಸ್ಟ್ 0.016 ಇಂಚು. ಮೇಲಿನವನ್ನು ಮಾತ್ರ ಸೆಟ್ ಮಾಡಿ ಬಿಡುವುದರಿಂದಲೇ ಸದ್ದು ಉಳಿಯುತ್ತದೆ. ಪಾಯಿಂಟ್ 0.020, ಪ್ಲಗ್ 0.030, ಟೈಮಿಂಗ್ 5 ಡಿಗ್ರಿ ಮುಂಚೆ, ಫೈರಿಂಗ್ 1-3-4-2. ಬದಿಯ ಕವರ್ ಮುಚ್ಚುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್ ಅತಿಯಾಗಿ ಬಿಗಿಯಬೇಡಿ. ತಗಡಿನ ಕವರ್ ಬಾಗಿದರೆ ಅಲ್ಲಿಂದ ಸೋರುವ ಆಯಿಲ್ ಕ್ಲಚ್ ಹೌಸಿಂಗ್ ಮೇಲೆ ಇಳಿಯುತ್ತದೆ, ಹಿಂದಿನ ಸೀಲ್ ಹೋಗಿದೆ ಎಂದು ತಪ್ಪು ತಿಳಿದು ಗೇರ್‌ಬಾಕ್ಸ್ ಇಳಿಸುವವರಿದ್ದಾರೆ.